ಅಸ್ಥಿಮಜ್ಜೆ ಕಸಿ ಮುಗಿಸಿ ಮಲೆನಾಡಿನ ಮನೆಗೆ: ಮೊದಲ ವರ್ಷದ ಆರೈಕೆ

ಬೇರೆಯವರ ಅಸ್ಥಿಮಜ್ಜೆ ಪಡೆದವರು ನೂರು ದಿನ ಕಳೆದು ಬೆಂಗಳೂರಿನಿಂದಲೋ ವೆಲ್ಲೂರಿನಿಂದಲೋ ಊರಿಗೆ ಹೊರಡುವಾಗ ರಿಪೋರ್ಟಿನಲ್ಲಿ ಬಿಳಿ ರಕ್ತಕಣ ಸಾಮಾನ್ಯವಾಗಿ ನಾಲ್ಕೈದು ಸಾವಿರ ದಾಟಿರುತ್ತದೆ. ಅದನ್ನು ನೋಡಿ ಮನೆಯವರು ನಿರಾಳವಾಗುತ್ತಾರೆ. ಅಲ್ಲೇ ಎಡವುವುದು. ಕಣಗಳು ಎಷ್ಟಿವೆ ಎಂಬುದನ್ನಷ್ಟೇ ಆ ಸಂಖ್ಯೆ ಹೇಳುತ್ತದೆ. ಅವು ಯಾವ ಜಾತಿಯವು, ಏನು ಮಾಡಬಲ್ಲವು ಎಂಬುದು ಅದರಲ್ಲಿಲ್ಲ. ಮನೆಯ ಕಟ್ಟುನಿಟ್ಟನ್ನು ಸಡಿಲಿಸಬೇಕಾದದ್ದು ಕಣಗಳು ಮರಳುವ ಕ್ರಮ ನೋಡಿಕೊಂಡು.

ಮೊದಲು ಬರುವುದು ಬ್ಯಾಕ್ಟೀರಿಯಾ, ಶಿಲೀಂಧ್ರಗಳನ್ನು ಕೊಲ್ಲುವ ನ್ಯೂಟ್ರೋಫಿಲ್ ಕಣ. ದಾನಿಯ ರಕ್ತದಿಂದ ಕಾಂಡಕೋಶ (ಎಲ್ಲ ರಕ್ತಕಣಗಳ ಮೂಲಕೋಶ) ತೆಗೆದಿದ್ದರೆ ಸುಮಾರು ಎರಡು ವಾರ, ಸೊಂಟದ ಮೂಳೆಯ ಮಜ್ಜೆಯಿಂದ ತೆಗೆದಿದ್ದರೆ ಮೂರು ವಾರ ಬೇಕು. ಸತತ ಮೂರು ದಿನ 500ಕ್ಕಿಂತ ಮೇಲಿದ್ದರೆ ಕಸಿ ಹಿಡಿಯಿತು ಎಂದು ಲೆಕ್ಕ. ಮೊದಲ ಒಂದೆರಡು ತಿಂಗಳಲ್ಲಿ ಸೋಂಕು ತಗುಲಿದ ಕೋಶಗಳನ್ನು ಕೊಲ್ಲುವ ಎನ್‌ಕೆ ಕಣಗಳು ಬರುತ್ತವೆ. ಆಮೇಲೆ ಅದೇ ಕೆಲಸದ ಸಿಡಿ8 ಟಿ ಕಣ. ವೈರಸ್ ವಿರುದ್ಧದ ಹೋರಾಟವನ್ನು ನಡೆಸುವ ಸಿಡಿ4 ಟಿ ಕಣಗಳಿಗೆ ಆರು ತಿಂಗಳು, ಎಷ್ಟೋ ಜನರಲ್ಲಿ ವರ್ಷವೂ ಮೀರುತ್ತದೆ. ಪ್ರತಿಕಾಯ ತಯಾರಿಸುವ ಬಿ ಕಣಗಳಿಗೆ ಆರರಿಂದ ಹನ್ನೆರಡು ತಿಂಗಳು. ಟಿ ಕಣಗಳು ಪಳಗುವುದು ಎದೆಯೊಳಗಿನ ಥೈಮಸ್ ಗ್ರಂಥಿಯಲ್ಲಿ. ವಯಸ್ಸಾದಂತೆ ಅದು ಕುಗ್ಗುವುದರಿಂದ ದೊಡ್ಡವರು ಮಕ್ಕಳಿಗಿಂತ ನಿಧಾನ. ಜೊತೆಗೆ ರೋಗನಿರೋಧಕ ಶಕ್ತಿ ತಗ್ಗಿಸುವ ಸ್ಟೀರಾಯ್ಡ್ ನಡೆಯುತ್ತಿದ್ದರೆ ಇಡೀ ಲೆಕ್ಕವೇ ಹಿಂದಕ್ಕೆ ಹೋಗುತ್ತದೆ.

ಕೋಟ್ರೈಮಾಕ್ಸಜೋಲ್ (ನ್ಯುಮೋನಿಯಾ ತಡೆಗೆ), ಅಸೈಕ್ಲೋವಿರ್ (ಹರ್ಪಿಸ್ ವೈರಸ್ ತಡೆಗೆ) ಮಾತ್ರೆಗಳು ಇನ್ನೂ ಬಾರದ ಈ ಕಣಗಳ ಜಾಗದಲ್ಲಿ ಕಾವಲಿಗಿವೆ. ಮೊದಲನೆಯದು ಕನಿಷ್ಠ ಆರು ತಿಂಗಳು, ಎರಡನೆಯದು ಸಾಮಾನ್ಯವಾಗಿ ಒಂದು ವರ್ಷ. ‘ಚೆನ್ನಾಗಿಯೇ ಇದ್ದಾರಲ್ಲ’ ಎಂದು ನಿಲ್ಲಿಸಬೇಡಿ.

ಮನೆ, ಬೂಷ್ಟು, ಅಡಿಕೆ

ಮಲೆನಾಡಿನಲ್ಲಿ ಹೆಚ್ಚು ಹೆದರಬೇಕಾದದ್ದು ಬೂಷ್ಟಿಗೆ. ಆಸ್ಪರ್ಜಿಲಸ್ ಎಂಬ ಶಿಲೀಂಧ್ರದ ಬೀಜಕಣ ಎರಡು-ಮೂರು ಮೈಕ್ರಾನ್ ಗಾತ್ರದ್ದು, ನೇರವಾಗಿ ಶ್ವಾಸಕೋಶದ ತಳ ಮುಟ್ಟುತ್ತದೆ. ಆರೋಗ್ಯವಂತರಲ್ಲಿ ಶ್ವಾಸಕೋಶದ ಕಾವಲು ಕಣವಾದ ಮ್ಯಾಕ್ರೋಫೇಜ್ ಅದನ್ನು ಅಲ್ಲೇ ನುಂಗಿಬಿಡುತ್ತದೆ, ತಪ್ಪಿಸಿಕೊಂಡು ಮೊಳೆತದ್ದನ್ನು ನ್ಯೂಟ್ರೋಫಿಲ್ ಕೊಲ್ಲುತ್ತದೆ. ಸ್ಟೀರಾಯ್ಡ್ ಇವೆರಡರ ಕೈಯನ್ನೂ ಕಟ್ಟಿಹಾಕುತ್ತದೆ, ರಿಪೋರ್ಟಿನ ಸಂಖ್ಯೆ ಎಷ್ಟೇ ಚೆನ್ನಾಗಿರಲಿ.

ಹಾಗಾಗಿ ಕೋಣೆಯನ್ನು ರೋಗಿ ಬರುವ ಮುಂಚೆಯೇ ಸಿದ್ಧಮಾಡಿ. ಬಿಸಿಲು ಬೀಳುವ, ಅಡಿಕೆ ಅಟ್ಟಕ್ಕೂ ಕೊಟ್ಟಿಗೆಗೂ ದೂರದ ಕೋಣೆ ಇರಲಿ. ಗೋಡೆಯ ಬೂಷ್ಟನ್ನು ಒಣ ಪೊರಕೆಯಿಂದ ಕೆರೆದರೆ ಬೀಜಕಣ ಮನೆಯೆಲ್ಲ ಹರಡುತ್ತದೆ; ಸೋಪುನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಿಸಿ, ಆಮೇಲೆ ಸುಣ್ಣವೋ ಬಣ್ಣವೋ ಬಳಿಯಿರಿ. ಹೆಂಚು ಸೋರುವ ಜಾಗ ಮೊದಲು ಸರಿಯಾಗಬೇಕು, ಇಲ್ಲವಾದರೆ ಆಷಾಢದಲ್ಲಿ ಬೂಷ್ಟು ಮತ್ತೆ ಬರುತ್ತದೆ. ಹಳೆಯ ಹತ್ತಿ ಹಾಸಿಗೆ, ಕಟ್ಟಿಟ್ಟ ಕಾಗದ, ಹೂಕುಂಡ ಆ ಕೋಣೆಯಲ್ಲಿ ಬೇಡ. ಮನೆ ಗುಡಿಸುವಾಗ, ರಿಪೇರಿ ನಡೆಯುವಾಗ ರೋಗಿ ಅಲ್ಲಿರಬಾರದು.

ಅಡಿಕೆ ಸುಲಿಯುವ ಚಪ್ಪರ, ಸಿಪ್ಪೆಯ ರಾಶಿ, ಹುಲ್ಲಿನ ಬಣವೆ, ದರಗು ಹಾಸಿದ ಕೊಟ್ಟಿಗೆ, ಗೊಬ್ಬರದ ಗುಂಡಿ: ಇವುಗಳ ಹತ್ತಿರ ಒಂದು ವರ್ಷ ಸುಳಿಯಬಾರದು. ಸುಗ್ಗಿಯ ಹೊತ್ತಿನಲ್ಲಿ ಅಂಗಳವೇ ಸುಲಿಯುವ ಜಾಗವಾಗಿರುವ ಮನೆಗಳಲ್ಲಿ ಇದು ಕಷ್ಟ. ಆ ವರ್ಷದ ಮಟ್ಟಿಗೆ ಸುಲಿತವನ್ನು ಬೇರೆಯವರ ಅಂಗಳಕ್ಕೆ ಒಯ್ಯುವುದೇ ಸರಿ. ದಾಟಲೇಬೇಕಾದರೆ ಮುಖಕ್ಕೆ ಬಿಗಿಯಾಗಿ ಕೂರುವ ಎನ್95 ಮಾಸ್ಕ್ ಬೇಕು, ಬಟ್ಟೆಯ ಮಾಸ್ಕ್ ಈ ಬೀಜಕಣಗಳನ್ನು ತಡೆಯಲಾರದು.

ಡಿಸೆಂಬರಿನಿಂದ ಮೇವರೆಗೆ ಕಾಡಿಗೂ ಬೆಟ್ಟಕ್ಕೂ ಹೋಗುವುದು ಬೇಡ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಲಾದ ಮಂಗನ ಕಾಯಿಲೆ ಉಣುಗಿನಿಂದ ಬರುತ್ತದೆ. ಟಿ ಮತ್ತು ಬಿ ಕಣಗಳು ಅರೆಬರೆ ಇರುವವರಿಗೆ ಯಾವ ವೈರಸ್ಸೂ ಸಣ್ಣದಲ್ಲ. ಕಾಡಿಗೆ ಹೋಗಿ ಬಂದ ಮನೆಯವರು ಹೊರಗೇ ಬಟ್ಟೆ ಬದಲಿಸಿ, ಸ್ನಾನ ಮಾಡಿ ಒಳಗೆ ಬರಲಿ. ದನದ ಮೈಮೇಲಿನ ಉಣುಗನ್ನೂ ಮರೆಯಬೇಡಿ.

ನೀರು, ಊಟ, ಕಷಾಯ

ಬೆಟ್ಟದಿಂದ ಪೈಪಿನಲ್ಲಿ ಬರುವ ನೀರು ಎಷ್ಟೇ ತಿಳಿಯಾಗಿದ್ದರೂ ಕುದಿಸಿ. ಗುಳ್ಳೆಯೆದ್ದು ಒಂದು ನಿಮಿಷ ಕೊತಕೊತ ಕುದ್ದರೆ ಸಾಕು. ಹಲ್ಲುಜ್ಜಲಿಕ್ಕೂ ಅದೇ ನೀರು.

ಕಠಿಣ ಪಥ್ಯದ ಹೆಸರಲ್ಲಿ ರೋಗಿಯನ್ನು ಸೊರಗಿಸುವುದರಿಂದ ಲಾಭವಿಲ್ಲ. ಆಗಷ್ಟೇ ಬೇಯಿಸಿದ ಬಿಸಿ ಊಟ, ಕುದಿಸಿದ ಹಾಲು, ಸಿಪ್ಪೆ ಸುಲಿಯುವ ಬಾಳೆ, ಕಿತ್ತಳೆ ಎಲ್ಲವೂ ಆಗುತ್ತದೆ. ಒಂದೆಲಗದ ಹಸಿ ತಂಬುಳಿ ಆಗದು: ಒಂದೆಲಗ ನೆಲಕ್ಕೆ ಅಂಟಿ ಬೆಳೆಯುತ್ತದೆ, ಮಣ್ಣು ಪೂರ್ತಿ ಹೋಗುವುದಿಲ್ಲ. ಬಾಯಿ ರುಚಿಗೆ ಬೇಕೆಂದರೆ ಸೊಪ್ಪನ್ನು ಚೆನ್ನಾಗಿ ಬೇಯಿಸಿ ಸಾರು ಮಾಡಿ. ಮಜ್ಜಿಗೆ, ಮೊಸರನ್ನು ಯಾವಾಗ ಶುರುಮಾಡಬೇಕು ಎಂದು ಕಸಿ ಮಾಡಿದ ವೈದ್ಯರನ್ನೇ ಕೇಳಿ. ಚಕ್ಕೋತ ಮಾತ್ರ ಪೂರ್ತಿ ನಿಷಿದ್ಧ. ಅದು ದಾನಿಯ ಕಣಗಳನ್ನು ಹತೋಟಿಯಲ್ಲಿಡುವ ಸೈಕ್ಲೋಸ್ಪೋರಿನ್, ಟ್ಯಾಕ್ರೊಲಿಮಸ್ ಮಾತ್ರೆಗಳ ಮಟ್ಟವನ್ನು ರಕ್ತದಲ್ಲಿ ಏರಿಸಿ ಕಿಡ್ನಿಗೆ ಕುತ್ತು ತರಬಲ್ಲದು.

ಅಮೃತಬಳ್ಳಿ ಕಷಾಯದ ಬಗ್ಗೆ ಖಡಾಖಂಡಿತವಾಗಿ ಹೇಳಬೇಕು. ರೋಗನಿರೋಧಕ ಶಕ್ತಿ ಹೆಚ್ಚಲಿ ಎಂಬ ಪ್ರೀತಿಯಿಂದಲೇ ನೆಂಟರು ತಂದುಕೊಡುತ್ತಾರೆ. ಆದರೆ ಇಲ್ಲಿರುವ ರೋಗನಿರೋಧಕ ಕಣಗಳು ದಾನಿಯವು. ಅವು ಕೆರಳಿದರೆ ರೋಗಿಯ ಚರ್ಮ, ಕರುಳು, ಯಕೃತ್ತನ್ನೇ ಪರಕೀಯವೆಂದು ಭಾವಿಸಿ ಮೇಲೆ ಬೀಳುತ್ತವೆ. ಜಿವಿಎಚ್‌ಡಿ ಎಂದರೆ ಇದೇ. ಅದನ್ನು ತಡೆಯಲೆಂದೇ ದುಬಾರಿ ಮಾತ್ರೆ ನುಂಗಿಸುತ್ತಿರುವಾಗ ಕಷಾಯ ಕುಡಿಸುವುದು ತದ್ವಿರುದ್ಧ ಕೆಲಸ. ಅಮೃತಬಳ್ಳಿಯಿಂದ ಯಕೃತ್ತಿಗೆ ಪೆಟ್ಟಾದ ಪ್ರಕರಣಗಳು ಕೋವಿಡ್ ಕಾಲದಲ್ಲಿ ನಮ್ಮ ದೇಶದಲ್ಲೇ ವರದಿಯಾಗಿವೆ.

ಮಾತ್ರೆ, ರಕ್ತಪರೀಕ್ಷೆ

ಟ್ಯಾಕ್ರೊಲಿಮಸ್, ಸೈಕ್ಲೋಸ್ಪೋರಿನ್ ಹನ್ನೆರಡು ಗಂಟೆಗೊಮ್ಮೆ, ಗಡಿಯಾರ ನೋಡಿಕೊಂಡು. ರಕ್ತದಲ್ಲಿ ಈ ಮಾತ್ರೆಯ ಮಟ್ಟ ಪರೀಕ್ಷಿಸುವ ದಿನ ರಕ್ತ ಕೊಟ್ಟ ಮೇಲೆಯೇ ಬೆಳಗಿನ ಮಾತ್ರೆ. ಮೊದಲೇ ನುಂಗಿದರೆ ಮಟ್ಟ ಹೆಚ್ಚು ತೋರಿಸಿ ವೈದ್ಯರು ಡೋಸ್ ಇಳಿಸುತ್ತಾರೆ, ಆ ತಪ್ಪು ಇಳಿಕೆಯಿಂದ ಜಿವಿಎಚ್‌ಡಿ ತಲೆಯೆತ್ತಬಹುದು. ಎರಿಥ್ರೋಮೈಸಿನ್, ಕ್ಲಾರಿಥ್ರೋಮೈಸಿನ್, ಫ್ಲುಕೊನಜೋಲ್ ಈ ಮಟ್ಟವನ್ನು ಏರಿಸುತ್ತವೆ, ರಿಫಾಂಪಿಸಿನ್ ಇಳಿಸುತ್ತದೆ. ಊರಿನ ಕ್ಲಿನಿಕ್ಕಿನಲ್ಲಿ ಕೆಮ್ಮಿಗೆ ಬರೆದುಕೊಟ್ಟದ್ದನ್ನು ಕಸಿ ಕೇಂದ್ರಕ್ಕೆ ಫೋನು ಮಾಡದೆ ಕೊಡಬೇಡಿ. ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆ ಕಿಡ್ನಿಗೆ ಹೊರೆ. ಪ್ಲೇಟ್‌ಲೆಟ್ ಕಡಿಮೆಯಿದ್ದಾಗ ಸೊಂಟಕ್ಕೆ ಚುಚ್ಚುವ ಇಂಜೆಕ್ಷನ್ ಬೇಡ, ಒಳಗೆ ರಕ್ತ ಹೆಪ್ಪುಗಟ್ಟಿ ಗಂಟಾಗುತ್ತದೆ.

ಅಂಗೈ, ಅಂಗಾಲು, ಕಿವಿಯ ಹಿಂದೆ ಕೆಂಪು ಗಂಧೆ, ಕಣ್ಣು ಹಳದಿ, ನೀರಾಗಿ ಭೇದಿ ಕಂಡರೆ ಅದೇ ದಿನ ತಿಳಿಸಿ. ಭೇದಿಯನ್ನು ‘ತುಂಬಾ ಆಯ್ತು’ ಎನ್ನದೆ ಅಳೆಯಿರಿ: ದಿನಕ್ಕೆ 500 ಮಿಲಿ ದಾಟಿದರೆ ದೊಡ್ಡವರಲ್ಲಿ ಅದು ಕರುಳಿನ ಜಿವಿಎಚ್‌ಡಿ ಇರಬಹುದು. ಬಿಸಿಲೂ ಚರ್ಮದ ಜಿವಿಎಚ್‌ಡಿಯನ್ನು ಕೆರಳಿಸುತ್ತದೆ. ತೋಳುದ್ದದ ಅಂಗಿ, ಟೋಪಿ ಇರಲಿ.

ಜ್ವರ ಬಂದ ರಾತ್ರಿ

38 ಡಿಗ್ರಿ ಸೆಲ್ಸಿಯಸ್, ಅಂದರೆ ಥರ್ಮಾಮೀಟರಿನಲ್ಲಿ 100.4 ಫ್ಯಾರನ್‌ಹೀಟ್ ಮುಟ್ಟಿದರೆ ಹೊರಡಬೇಕು. ಪ್ಯಾರಾಸಿಟಮಾಲ್ ಕೊಟ್ಟು ಬೆಳಗಾಗಲಿ ಎಂದು ಕಾಯಬೇಡಿ. ಸ್ಟೀರಾಯ್ಡ್ ತೆಗೆದುಕೊಳ್ಳುವವರಿಗೆ ಸೋಂಕಿದ್ದೂ ಜ್ವರ ಬಾರದಿರಬಹುದು. ನಡುಕ, ಏದುಸಿರು, ಮಂಕು ಕಂಡರೂ ಹೊರಡಿ. ಆಸ್ಪತ್ರೆ ಮುಟ್ಟಿದ ಒಂದು ಗಂಟೆಯೊಳಗೆ ರಕ್ತನಾಳಕ್ಕೆ ಆಂಟಿಬಯಾಟಿಕ್ ಹೋಗಬೇಕು.

ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಸುಮಾರು 60 ಕಿಲೋಮೀಟರ್, ಒಳಗಿನ ಹಳ್ಳಿಗಳಿಂದ ಇನ್ನೂ ಹೆಚ್ಚು. ಮಳೆಗಾಲದಲ್ಲಿ ಮರ ಬಿದ್ದು ರಸ್ತೆ ಕಟ್ಟುತ್ತದೆ, ಕರೆಂಟು ಹೋದರೆ ನೆಟ್‌ವರ್ಕೂ ಹೋಗುತ್ತದೆ. ಯಾರ ಗಾಡಿ, ಯಾವ ದಾರಿ, ಎರಡನೆಯ ದಾರಿ ಯಾವುದು ಎಂದು ಮೊದಲೇ ಗೊತ್ತುಮಾಡಿಕೊಳ್ಳಿ. ಆಸ್ಪತ್ರೆಗೆ ಒಂದು ಗಂಟೆಗಿಂತ ಹೆಚ್ಚು ದಾರಿಯಿದ್ದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶಿವಮೊಗ್ಗ ಪೇಟೆಯಲ್ಲಿ ಬಾಡಿಗೆಗೆ ಇರುವುದು ಒಳ್ಳೆಯದು. ಖರ್ಚಾದರೂ ಜೀವಕ್ಕೆ ಭದ್ರ.

ಪ್ಲಾಸ್ಟಿಕ್ ಕವರಿನಲ್ಲಿ ಒಂದು ಪತ್ರ ಸದಾ ಇರಲಿ: ಕಸಿಯ ದಿನಾಂಕ, ದಾನಿ ಯಾರು, ಮಾತ್ರೆಗಳ ಪಟ್ಟಿ, ಮೊದಲು ಕೊಡಬೇಕಾದ ಆಂಟಿಬಯಾಟಿಕ್, ಕಸಿಗೆ ಮುಂಚಿನ ಮತ್ತು ಈಗಿನ ರಕ್ತದ ಗುಂಪು. ದಾನಿಯ ಗುಂಪು ಬೇರೆಯಾಗಿದ್ದರೆ ರೋಗಿಯ ಗುಂಪು ನಿಧಾನಕ್ಕೆ ಅದಕ್ಕೆ ಬದಲಾಗುತ್ತದೆ, ಹಳೆಯ ಕಾರ್ಡ್ ನೆಚ್ಚುವಂತಿಲ್ಲ. ‘ವಿಕಿರಣಗೊಳಿಸಿದ ರಕ್ತ ಮಾತ್ರ’ ಎಂದು ದಪ್ಪಕ್ಷರದಲ್ಲಿ ಬರೆಸಿ. ಹಾಗೇ ಕೊಟ್ಟ ರಕ್ತದಲ್ಲಿ ಉಳಿದ ಟಿ ಕಣಗಳು ರೋಗಿಯ ದೇಹದಲ್ಲಿ ಬೇರೂರಿ ಪ್ರಾಣ ತೆಗೆಯಬಲ್ಲವು. ಹತ್ತಿರದ ಸಂಬಂಧಿಯ ರಕ್ತದಲ್ಲಿ ಈ ಅಪಾಯ ಇನ್ನೂ ಹೆಚ್ಚು.

ಲಸಿಕೆ

ಬಾಲ್ಯದ ಲಸಿಕೆಗಳ ನೆನಪು ಹಳೆಯ ಕಣಗಳ ಜೊತೆಗೇ ಅಳಿಸಿಹೋಗುತ್ತದೆ, ಎಲ್ಲವನ್ನೂ ಮೊದಲಿನಿಂದ ಹಾಕಿಸಬೇಕು. ನ್ಯುಮೋಕಾಕಸ್ ಲಸಿಕೆ ಮೂರರಿಂದ ಆರು ತಿಂಗಳೊಳಗೆ ಶುರುವಾಗುತ್ತದೆ, ಧನುರ್ವಾಯು ಮುಂತಾದ ನಿರ್ಜೀವ ಲಸಿಕೆಗಳು ಆರು ತಿಂಗಳ ನಂತರ. ದಡಾರ, ಸೀತಾಳೆ ಸಿಡುಬಿನ ಸಜೀವ ಲಸಿಕೆ ಎರಡು ವರ್ಷದವರೆಗೆ ಬೇಡ. ಆಮೇಲೂ ಜಿವಿಎಚ್‌ಡಿ ಇಲ್ಲದಿದ್ದರೆ, ರೋಗನಿರೋಧಕ ತಗ್ಗಿಸುವ ಮಾತ್ರೆ ನಿಂತಿದ್ದರೆ ಮಾತ್ರ. ಮನೆಯವರೆಲ್ಲ ಪ್ರತಿ ವರ್ಷ ಫ್ಲೂ ಲಸಿಕೆ ಹಾಕಿಸಿಕೊಳ್ಳಲಿ. ಮನೆಯಲ್ಲಿ ಮಗುವಿದ್ದರೆ ಪೋಲಿಯೋ ಹನಿಯ ಬದಲು ಚುಚ್ಚುಮದ್ದು ಕೊಡಿಸುವ ಬಗ್ಗೆ ಮಕ್ಕಳ ವೈದ್ಯರ ಜೊತೆ ಮಾತಾಡಿ, ಏಕೆಂದರೆ ಹನಿಯಲ್ಲಿರುವ ಜೀವಂತ ವೈರಸ್ ಮಗುವಿನ ಮಲದಲ್ಲಿ ವಾರಗಟ್ಟಲೆ ಹೋಗುತ್ತಿರುತ್ತದೆ.