ಮೈನಸ್ 20 ಡಿಗ್ರಿ ಚಳಿಯಲ್ಲಿ ಸ್ಮೋಕರ್ ಮತ್ತು ಅದರ ಕಂಟ್ರೋಲರ್: ನನ್ನ ಅನುಭವ

ಅಮೆರಿಕದ ಮಿನೆಸೋಟ ರಾಜ್ಯದಲ್ಲಿ, ಮಿನಿಯಾಪೊಲಿಸ್ ನಗರದ ಹೊರವಲಯದಲ್ಲಿರುವ ನಮ್ಮ ಮನೆಯ ಹಿತ್ತಲಿನಲ್ಲಿ, ನಾನು ಮಾಂಸವನ್ನು ಹೊಗೆಯಲ್ಲಿ ನಿಧಾನವಾಗಿ ಬೇಯಿಸುವ ಇದ್ದಿಲಿನ ಒಲೆಯನ್ನು, ಅಂದರೆ ಸ್ಮೋಕರ್ ಒಂದನ್ನು, ಬೇಸಿಗೆಯಲ್ಲಷ್ಟೇ ಅಲ್ಲದೆ ಹಿಮ ಬೀಳುವ ತಿಂಗಳುಗಳಲ್ಲಿಯೂ ಉರಿಸುತ್ತೇನೆ. ಜನವರಿಯ ರಾತ್ರಿ ಇಲ್ಲಿ ಮೈನಸ್ 20 ಡಿಗ್ರಿ ಸೆಲ್ಸಿಯಸ್ ಮುಟ್ಟುವುದು ಅಪರೂಪವಲ್ಲ. ಮಡಿಕೇರಿಯ ಕಡೆಯ ನಮ್ಮ ಹಳೆಯ ಮನೆಯಲ್ಲಿ ಮಳೆಗಾಲದ ದಿನಗಳಲ್ಲಿ ಹಂದಿಮಾಂಸದ ತುಂಡುಗಳನ್ನು ಒಲೆಯ ಮೇಲೆ ತೂಗುಹಾಕಿ ಹೊಗೆಗೆ ಒಣಗಿಸುತ್ತಿದ್ದುದನ್ನು ನೋಡಿ ಬೆಳೆದವನಾದ ನನಗೆ ಹೊಗೆಯ ರುಚಿ ಹೊಸತಲ್ಲ. ಆದರೆ ಅಲ್ಲಿ ಒಲೆಯ ತಾಪವನ್ನು ಯಾರೂ ಅಳೆಯುತ್ತಿರಲಿಲ್ಲ, ದಿನಗಟ್ಟಲೆ ಒಣಗುವ ಮಾಂಸಕ್ಕೆ ಅದರ ಅಗತ್ಯವೂ ಇರಲಿಲ್ಲ. ಇಲ್ಲಿನ ಪದ್ಧತಿ ಬೇರೆ. 4 ಕಿಲೋ ತೂಗುವ ಹಂದಿಯ ಭುಜದ ತುಂಡನ್ನು 110 ಡಿಗ್ರಿಯ ಆಸುಪಾಸಿನಲ್ಲಿ 12ರಿಂದ 14 ಗಂಟೆ ಇಟ್ಟು, ಒಳಗಿನ ತಾಪಮಾನ 95 ಡಿಗ್ರಿ ತಲುಪಿ, ಗಟ್ಟಿ ನಾರೆಲ್ಲ ಕರಗಿ, ಬೆರಳಿನಿಂದ ಎಳೆದರೆ ಎಳೆಎಳೆಯಾಗಿ ಬಿಡಿಸಿಕೊಳ್ಳುವವರೆಗೆ ಬೇಯಿಸಬೇಕು. ಅಷ್ಟು ಹೊತ್ತು ಬೆಂಕಿಯ ಪಕ್ಕ ಎಚ್ಚರವಾಗಿ ಕೂರಲಾಗದವರಿಗಾಗಿಯೇ ತಾಪವನ್ನು ತಾನೇ ಹಿಡಿದಿಡುವ ಎಲೆಕ್ಟ್ರಾನಿಕ್ ಕಂಟ್ರೋಲರ್ ಬಂದಿರುವುದು.

ನನ್ನ ಸ್ಮೋಕರ್ ಎನಾಮೆಲ್ ಲೇಪಿಸಿದ ತೆಳು ಉಕ್ಕಿನ, ನೆಟ್ಟಗೆ ನಿಲ್ಲುವ, 18 ಇಂಚು ಅಗಲದ ಡ್ರಮ್ಮಿನಂಥದು. ಕೆಳಗೆ ಇದ್ದಿಲು, ನಡುವೆ ನೀರಿನ ಬಾಣಲೆ, ಮೇಲೆ ಮಾಂಸದ ಜಾಲರಿ. ಕಂಟ್ರೋಲರಿನ ಒಂದು ಪ್ರೋಬ್, ಅಂದರೆ ತಾಪ ಅಳೆಯುವ ಕಡ್ಡಿ, ಜಾಲರಿಯ ಮಟ್ಟದ ಗಾಳಿಯ ತಾಪವನ್ನು, ಇನ್ನೊಂದು ಮಾಂಸದೊಳಗಿನ ತಾಪವನ್ನು ಅಳೆಯುತ್ತದೆ. ಕೆಳಗಿನ ಮೂರು ಗಾಳಿಕಿಂಡಿಗಳಲ್ಲಿ ಎರಡನ್ನು ಪೂರ್ತಿ ಮುಚ್ಚಿ, ಮೂರನೆಯದಕ್ಕೆ ಅಂಗೈಯಗಲದ ಫ್ಯಾನನ್ನು ಜೋಡಿಸಿರುತ್ತೇನೆ. ತಾಪ ಇಳಿದರೆ ಫ್ಯಾನ್ ಹೆಚ್ಚು ಊದುತ್ತದೆ, ಏರಿದರೆ ನಿಲ್ಲುತ್ತದೆ. ಎಷ್ಟು ಊದಬೇಕೆಂಬುದನ್ನು ಕಂಟ್ರೋಲರ್ ಪಿಐಡಿ ಎಂಬ ಲೆಕ್ಕದಿಂದ ನಿರ್ಧರಿಸುತ್ತದೆ: ಬೇಕಾದ ತಾಪಕ್ಕೂ ಈಗಿನ ತಾಪಕ್ಕೂ ಇರುವ ಅಂತರ ಎಷ್ಟು, ಇದುವರೆಗೆ ಕೂಡಿಬಂದ ಅಂತರ ಎಷ್ಟು, ತಾಪ ಯಾವ ವೇಗದಲ್ಲಿ ಬದಲಾಗುತ್ತಿದೆ ಎಂಬ ಮೂರನ್ನೂ ಅದು ತೂಗಿನೋಡುತ್ತದೆ. ಜುಲೈ ತಿಂಗಳಿನಲ್ಲಿ ಈ ವ್ಯವಸ್ಥೆ ಎಷ್ಟು ಚೆನ್ನಾಗಿ ನಡೆಯಿತೆಂದರೆ, ರಾತ್ರಿ 10ಕ್ಕೆ ಮಲಗಿ ಬೆಳಿಗ್ಗೆ 6ಕ್ಕೆ ಎದ್ದಾಗಲೂ ಪರದೆಯ ಮೇಲೆ 110 ಎಂಬ ಅಂಕಿಯೇ ಇತ್ತು.

ಡಿಸೆಂಬರಿನ ಮೊದಲ ಪ್ರಯತ್ನದಲ್ಲಿ ಅದೇ ಪ್ರಮಾಣದ ಇದ್ದಿಲು, ಅದೇ ಹೊಂದಿಕೆ ಇಟ್ಟೆ. ಹೊರಗೆ ಮೈನಸ್ 18, ಜೊತೆಗೆ ಗಾಳಿ. ಎರಡು ಗಂಟೆಯವರೆಗೆ ಫ್ಯಾನ್ ನೂರಕ್ಕೆ ನೂರರಷ್ಟು ಊದಿದರೂ ಸ್ಮೋಕರ್ 85 ಡಿಗ್ರಿ ದಾಟಲಿಲ್ಲ. ಆಮೇಲೆ ಒಮ್ಮೆಲೇ ಏರತೊಡಗಿ 110, 130, ಕೊನೆಗೆ 155 ತಲುಪಿತು. ಫ್ಯಾನ್ ನಿಂತು ಅರ್ಧ ಗಂಟೆಯಾದರೂ ಇಳಿಯಲಿಲ್ಲ. ಯಂತ್ರ ಕೆಟ್ಟಿದೆಯೆಂದೇ ನಾನು ಭಾವಿಸಿದ್ದೆ. ಒಂದು ಹಾಳೆಯ ಮೇಲೆ ಲೆಕ್ಕ ಹಾಕಿ ನೋಡಿದಾಗ ಅದು ಮಾಡಿದ್ದೆಲ್ಲ ಸರಿಯಾಗಿಯೇ ಇತ್ತೆಂದು ತಿಳಿಯಿತು.

ಲೋಹದ ಗೋಡೆಯಿಂದ ಹೊರಹೋಗುವ ಶಾಖ ಮುಖ್ಯವಾಗಿ ಒಳಗಿನ ಮತ್ತು ಹೊರಗಿನ ತಾಪಮಾನಗಳ ವ್ಯತ್ಯಾಸವನ್ನು ಅವಲಂಬಿಸುತ್ತದೆ. ಹೊರಗೆ 25 ಡಿಗ್ರಿ ಇರುವಾಗ ಆ ವ್ಯತ್ಯಾಸ 85. ಹೊರಗೆ ಮೈನಸ್ 20 ಇದ್ದರೆ 130. ಅಂದರೆ ಗಾಳಿಯೇ ಇಲ್ಲದ ದಿನದಲ್ಲಿಯೂ ಬೆಂಕಿ ಒಂದೂವರೆ ಪಟ್ಟು ದುಡಿಯಬೇಕು. ಗಾಳಿ ಬೀಸಿದರೆ ಗೋಡೆಯ ಹೊರಮೈಯಲ್ಲಿ ನಿಂತಿರುವ ಬೆಚ್ಚನೆಯ ಗಾಳಿಯ ಪದರವೂ ಕಿತ್ತುಹೋಗುವುದರಿಂದ ಇನ್ನೂ ಹೆಚ್ಚು. ಫ್ಯಾನ್ ತಾನಾಗಿ ಶಾಖವನ್ನು ಹುಟ್ಟಿಸುವುದಿಲ್ಲ. ಹೊತ್ತಿರುವ ಇದ್ದಿಲು ಸಾಲದಿದ್ದಾಗ ಅದು ಒಳಗೆ ತಳ್ಳುವುದು ಮೈನಸ್ 20 ಡಿಗ್ರಿಯ ಗಾಳಿಯನ್ನು, ಮತ್ತು ಆ ಗಾಳಿಯ ಬಹುಭಾಗ ಉರಿಯಲ್ಲಿ ಪಾಲುಗೊಳ್ಳದೆ, ಇದ್ದ ಶಾಖವನ್ನು ಹೊತ್ತುಕೊಂಡು ಮೇಲಿನ ಕಿಂಡಿಯಿಂದ ಹೊರಟುಹೋಗುತ್ತದೆ. ಈ ನಡುವೆ ಕೆಂಡ ಮಾತ್ರ ಸದ್ದಿಲ್ಲದೆ ಹಬ್ಬುತ್ತಿರುತ್ತದೆ. ಎರಡು ಗಂಟೆಯ ಕೊರತೆಯನ್ನೆಲ್ಲ ಕೂಡಿಟ್ಟುಕೊಂಡಿದ್ದ ಕಂಟ್ರೋಲರ್, ತಾಪ 110 ದಾಟಿದ ಮೇಲೆಯೂ ಆ ಹಳೆಯ ಬಾಕಿಯನ್ನು ತೀರಿಸಲೆಂಬಂತೆ ಊದುತ್ತಲೇ ಇತ್ತು.

ಇಳಿಯದೇ ಹೋದದ್ದಕ್ಕೆ ಇನ್ನೊಂದು ಕಾರಣವಿದೆ, ಇದನ್ನು ನಾನು ಊಹಿಸಿರಲಿಲ್ಲ. ಚಳಿಗಾಳಿ ದಟ್ಟವಾಗಿರುವುದರಿಂದ ಒಳಗಿನ ಬಿಸಿಗಾಳಿಗೂ ಅದಕ್ಕೂ ಇರುವ ತೂಕದ ಅಂತರ ಬೇಸಿಗೆಯ ಇಮ್ಮಡಿಗೆ ಸಮೀಪಿಸುತ್ತದೆ. ಸ್ಮೋಕರ್ ಒಂದು ಒಳ್ಳೆಯ ಹೊಗೆಕೊಳವೆಯಂತೆ ತಾನೇ ಗಾಳಿಯನ್ನು ಎಳೆದುಕೊಳ್ಳುತ್ತದೆ. ಫ್ಯಾನ್ ನಿಂತರೂ ಡ್ರಮ್ಮಿನ ಬಾಗಿಲಿನ ಸಂದು, ಮುಚ್ಚಳದ ಅಂಚುಗಳಿಂದ ಗಾಳಿ ನುಗ್ಗುತ್ತಿರುತ್ತದೆ. ಆದ್ದರಿಂದ ಬೇಸಿಗೆಯಲ್ಲಿ ಅರ್ಧ ತೆರೆದಿಡುತ್ತಿದ್ದ ಮೇಲಿನ ಕಿಂಡಿಯನ್ನು ಚಳಿಗಾಲದಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ತೆರೆಯುವುದಿಲ್ಲ, ಬಾಗಿಲಿನ ಸಂದಿಗೆ ಶಾಖ ತಡೆಯುವ ನಾರಿನ ಪಟ್ಟಿ ಅಂಟಿಸಿದ್ದೇನೆ. ನಾನು ಮಾಡಿದ ಬದಲಾವಣೆಗಳಲ್ಲಿ ಅತಿ ಅಗ್ಗದ್ದೂ ಅತಿ ಹೆಚ್ಚು ಫಲ ಕೊಟ್ಟದ್ದೂ ಈ ಪಟ್ಟಿಯೇ.

ಬೆಂಕಿ ಹಚ್ಚುವ ಕ್ರಮವನ್ನೂ ಬದಲಿಸಿದೆ. ಹೊತ್ತದ ಇದ್ದಿಲಿನ ರಾಶಿಯ ಮೇಲೆ ಸ್ವಲ್ಪ ಕೆಂಡ ಸುರಿದು, ಅದು ನಿಧಾನವಾಗಿ ಹರಡಲು ಬಿಡುವುದನ್ನು ಇಲ್ಲಿನವರು ಮಿನಿಯನ್ ವಿಧಾನ ಎನ್ನುತ್ತಾರೆ. ಬೇಸಿಗೆಯಲ್ಲಿ ಇದ್ದಿಲಿನ ಪುಡಿ ಒತ್ತಿ ಮಾಡಿದ ಸುಮಾರು 15 ಬ್ರಿಕೆಟ್‌ಗಳ ಕೆಂಡ ಸಾಕಾಗುತ್ತಿತ್ತು, ಈಗ 40 ಹಾಕುತ್ತೇನೆ; ಒಟ್ಟು ಇದ್ದಿಲು ನಾಲ್ಕೂವರೆ ಕಿಲೋದಿಂದ 7 ಕಿಲೋಗೆ ಏರಿದೆ. ಎಲ್ಲಕ್ಕಿಂತ ಮುಖ್ಯವಾಗಿ, ಮೊದಲ ಮುಕ್ಕಾಲು ಗಂಟೆ ಕಂಟ್ರೋಲರನ್ನು ಚಾಲೂ ಮಾಡುವುದೇ ಇಲ್ಲ. ಕಿಂಡಿಗಳನ್ನು ಕೈಯಿಂದಲೇ ಹೊಂದಿಸಿ ತಾಪವನ್ನು 100 ಡಿಗ್ರಿಯವರೆಗೆ ತಂದು, ಉಕ್ಕೆಲ್ಲ ಬಿಸಿಯಾದ ಮೇಲೆ ಅದರ ಕೈಗೆ ಒಪ್ಪಿಸುತ್ತೇನೆ. ಆಗ ಅದರ ಲೆಕ್ಕದಲ್ಲಿ ಹಳೆಯ ಬಾಕಿ ಎಂಬುದೇ ಇರುವುದಿಲ್ಲ. ಮುಚ್ಚಳ ತೆರೆಯುವ ಮೊದಲು ಫ್ಯಾನ್ ನಿಲ್ಲಿಸುವುದಕ್ಕೂ ಇದೇ ಕಾರಣ. ಮುಚ್ಚಳ ತೆರೆದುದನ್ನು ತಾಪದ ಹಠಾತ್ ಕುಸಿತದಿಂದ ಗುರುತಿಸಿ ತಾನೇ ಸುಮ್ಮನಿರುವ ಕಂಟ್ರೋಲರುಗಳಿವೆ, ನನ್ನದರಲ್ಲಿಯೂ ಆ ಸೌಲಭ್ಯವಿದೆ. ಆದರೆ ಚಳಿಯಲ್ಲಿ ತಣ್ಣಗಾದ ಉಕ್ಕು ಮತ್ತೆ ಬಿಸಿಯಾಗಲು ಅದು ಕಾಯುವ 4 ನಿಮಿಷ ಸಾಲದೆಂದು ಕಂಡು, ಆ ಅವಧಿಯನ್ನು 10 ನಿಮಿಷಕ್ಕೆ ಏರಿಸಿದ್ದೇನೆ.

ನೀರಿನ ಬಾಣಲೆಗೆ ಈಗ ನೀರು ಹಾಕುವುದಿಲ್ಲ. ಆವಿಯಾಗುವ ಪ್ರತಿ ಲೀಟರ್ ನೀರೂ ಬೆಂಕಿಯಿಂದ ದೊಡ್ಡ ಪಾಲನ್ನು ಕಸಿಯುತ್ತದೆ. ತಗಡಿನ ಹಾಳೆ ಸುತ್ತಿದ ಖಾಲಿ ಬಾಣಲೆ ನೇರ ಉರಿಯನ್ನು ತಡೆದರೆ ಸಾಕು. ಡ್ರಮ್ಮಿನ ಸುತ್ತ ವೆಲ್ಡಿಂಗ್ ಕೆಲಸದವರು ಕಿಡಿ ತಡೆಯಲು ಬಳಸುವ ಹೊದಿಕೆಯನ್ನು, ಕಿಂಡಿಗಳನ್ನೂ ಫ್ಯಾನನ್ನೂ ಬಿಟ್ಟು, ಸುತ್ತಿ ತಂತಿಯಿಂದ ಬಿಗಿಯುತ್ತೇನೆ. ಗಾಳಿಗೆ ಮರೆಯಾಗಿ ಮೂರು ಪ್ಲೈವುಡ್ ಹಲಗೆಗಳನ್ನು ಒಂದು ಮೀಟರ್ ದೂರದಲ್ಲಿ ನಿಲ್ಲಿಸುತ್ತೇನೆ. ಚಳಿಯೆಂದು ಸ್ಮೋಕರನ್ನು ಗ್ಯಾರೇಜಿನೊಳಗೆ ಎಳೆದುಕೊಳ್ಳುವ ಯೋಚನೆ ಯಾರಿಗೂ ಬರಬಾರದು, ಬಾಗಿಲು ತೆರೆದಿದ್ದರೂ ಸಹ. ಇದ್ದಿಲು ಕಾರುವ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ಎರಡನೆಯ ಚಳಿಗಾಲದಲ್ಲಿ ಆದ ನಷ್ಟಕ್ಕೆ ಬೆಂಕಿ ಕಾರಣವಲ್ಲ. ತೆಳುವಾಗಿ ಹಿಮ ಉದುರುತ್ತಿದ್ದ ರಾತ್ರಿ 9ಕ್ಕೆ ಮಾಂಸ ಇಟ್ಟು ಮಲಗಿದೆ. ಬೆಳಿಗ್ಗೆ ಕಂಟ್ರೋಲರ್ 148 ಡಿಗ್ರಿ ತೋರಿಸುತ್ತಿತ್ತು, ಮುಚ್ಚಳವನ್ನು ಮುಟ್ಟಿದರೆ ತಣ್ಣಗಿತ್ತು. ಇಂಥ ಪ್ರೋಬಿನ ತುದಿಯಲ್ಲಿರುವುದು ಥರ್ಮಿಸ್ಟರ್. ಬಿಸಿ ಏರಿದಂತೆ ಅದರ ವಿದ್ಯುತ್ ರೋಧ ಇಳಿಯುತ್ತದೆ. ಬಿಸಿಯಾದ ವೈರಿನ ಮೇಲೆ ಕರಗಿದ ಹಿಮ ಪ್ಲಗ್ಗಿನೊಳಕ್ಕೆ ಇಳಿದು ವಿದ್ಯುತ್ತಿಗೆ ಅಡ್ಡದಾರಿ ಮಾಡಿಕೊಟ್ಟಾಗ, ಇಳಿದ ರೋಧವನ್ನು ಕಂಟ್ರೋಲರ್ ಏರಿದ ತಾಪವೆಂದು ಓದಿ ಫ್ಯಾನ್ ನಿಲ್ಲಿಸಿತ್ತು. ಹೊದಿಕೆ ಬಿಗಿದು, ಸಂದು ಮುಚ್ಚಿ, ಕಿಂಡಿ ಕಿರಿದು ಮಾಡಿದ್ದ ನನ್ನ ಸ್ಮೋಕರಿನಲ್ಲಿ ಬೆಂಕಿ ಉಸಿರುಕಟ್ಟಿ ಸತ್ತಿತ್ತು. ಮಾಂಸದ ಒಳಗೆ 44 ಡಿಗ್ರಿ ಇತ್ತು. 4ರಿಂದ 60 ಡಿಗ್ರಿಯವರೆಗಿನದನ್ನು ಅಮೆರಿಕದ ಕೃಷಿ ಇಲಾಖೆ ರೋಗಾಣುಗಳು ಬೇಗ ಬೆಳೆಯುವ ಅಪಾಯದ ವಲಯವೆನ್ನುತ್ತದೆ. ಅದರೊಳಗೆ ಎಷ್ಟು ಗಂಟೆ ಕಳೆದಿತ್ತೆಂದು ಹೇಳುವ ದಾರಿಯಿರಲಿಲ್ಲವಾದ್ದರಿಂದ ಇಡೀ ತುಂಡನ್ನು ಎಸೆದೆ. ಮತ್ತೆ ಕಾಯಿಸಿ ತಿನ್ನಬಹುದಲ್ಲ ಎಂದ ಗೆಳೆಯನ ಮಾತನ್ನು ಕೇಳಲಿಲ್ಲ.

ಅಂದಿನಿಂದ ಎಲ್ಲ ಪ್ಲಗ್ಗುಗಳೂ ಕಂಟ್ರೋಲರಿನೊಂದಿಗೆ ಪೆಟ್ಟಿಗೆಯೊಳಗಿರುತ್ತವೆ. ಪಿಕ್ನಿಕ್ಕಿಗೆ ಒಯ್ಯುವ ಐಸ್ ಪೆಟ್ಟಿಗೆಯನ್ನು ಅಡ್ಡ ಮಲಗಿಸಿ ಅದರಲ್ಲಿ ಕಂಟ್ರೋಲರನ್ನೂ ಅದರ ಅಡಾಪ್ಟರನ್ನೂ ಇಡುತ್ತೇನೆ. ತಂಪಾಗಿಡಲು ಮಾಡಿದ ಪೆಟ್ಟಿಗೆ ಅಡಾಪ್ಟರಿನ ಅಲ್ಪ ಬಿಸಿಯನ್ನೇ ಹಿಡಿದಿಟ್ಟುಕೊಂಡು ಒಳಗನ್ನು ಸೊನ್ನೆಗಿಂತ ಮೇಲಿಡುತ್ತದೆ. ಸಾಮಾನ್ಯ ಕಂಟ್ರೋಲರುಗಳನ್ನು 0ಯಿಂದ 50 ಡಿಗ್ರಿಯ ಪರಿಸರಕ್ಕೆಂದು ಮಾಡಿರುತ್ತಾರೆ, ಕಡುಚಳಿಯಲ್ಲಿ ಎಲ್‌ಸಿಡಿ ಪರದೆಯ ಅಂಕಿಗಳು ಮಸುಕಾಗಿ, ಒಂದರ ಮೇಲೊಂದು ತಡವಾಗಿ ಮೂಡುತ್ತವೆ. ವೈರುಗಳು ಪೆಟ್ಟಿಗೆಯೊಳಗೆ ಹೋಗುವ ಮೊದಲು ಒಂದು ಗೇಣು ಕೆಳಗೆ ಜೋತುಬಿದ್ದು ಮೇಲೇರುವಂತೆ ಬಿಟ್ಟರೆ ನೀರು ಆ ತಗ್ಗಿನಲ್ಲಿಯೇ ತೊಟ್ಟಿಕ್ಕುತ್ತದೆ. ಪಿವಿಸಿ ಹೊದಿಕೆಯ ವೈರು ಚಳಿಗೆ ಕಡ್ಡಿಯಂತೆ ಸೆಟೆದು ಬಿರಿಯುವುದರಿಂದ ಸಿಲಿಕೋನ್ ಹೊದಿಕೆಯದನ್ನು ಹಾಕಿಸಿಕೊಂಡಿದ್ದೇನೆ. ಫ್ಯಾನಿನ ಬೇರಿಂಗಿನ ಗ್ರೀಸ್ ಗಟ್ಟಿಯಾಗಿ, ಕಡಿಮೆ ವೇಗದ ಆದೇಶ ಬಂದಾಗ ಅದು ತಿರುಗದೆ ಗುಂಯ್‌ಗುಡುತ್ತ ನಿಲ್ಲುವುದುಂಟು. ಅದಕ್ಕಾಗಿ ಕನಿಷ್ಠ ವೇಗವನ್ನು ಶೇಕಡ 10ರಿಂದ 25ಕ್ಕೆ ಏರಿಸಬೇಕಾಯಿತು.

ಈಗ ಸ್ಮೋಕರಿನೊಳಗೆ ಕಂಟ್ರೋಲರಿಗೆ ಸಂಬಂಧವೇ ಇಲ್ಲದ, ಬೇರೆ ಬ್ಯಾಟರಿಯ ಎರಡನೆಯ ಥರ್ಮಾಮೀಟರ್ ಕೂಡ ಇರುತ್ತದೆ. ಎರಡರ ನಡುವೆ 15 ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಕಂಡರೆ ಎದ್ದು ಹೊರಗೆ ಹೋಗುತ್ತೇನೆ. ಪ್ರತಿ ಬಾರಿ ಬೆಂಕಿ ಹಚ್ಚುವ ಮೊದಲು ಎಲ್ಲ ಪ್ರೋಬುಗಳ ತುದಿಯನ್ನೂ ಮಂಜುಗಡ್ಡೆಯ ನೀರಿನಲ್ಲಿ ಮತ್ತು ಕುದಿನೀರಿನಲ್ಲಿ ಅದ್ದಿ ನೋಡುತ್ತೇನೆ. ನಮ್ಮ ಊರಿನ ಎತ್ತರಕ್ಕೆ 0 ಮತ್ತು 99 ಬರಬೇಕು.

ಮಾಂಸ 95 ಮುಟ್ಟಿದ ಮೇಲೆ ಹಾಳೆ ಸುತ್ತಿ, ಹಳೆಯ ಟವೆಲುಗಳ ನಡುವೆ ಇನ್ನೊಂದು ಐಸ್ ಪೆಟ್ಟಿಗೆಯಲ್ಲಿ ಎರಡು ಗಂಟೆ ಇಡುತ್ತೇನೆ. ಆ ಹೊತ್ತಿನಲ್ಲಿ ಕಿಂಡಿಗಳನ್ನೆಲ್ಲ ಮುಚ್ಚಿ ಉಳಿದ ಇದ್ದಿಲನ್ನು ಆರಿಸುತ್ತೇನೆ, ಪ್ರೋಬುಗಳನ್ನು ನೀರಿನಲ್ಲಿ ಮುಳುಗಿಸದೆ ಒದ್ದೆ ಬಟ್ಟೆಯಿಂದ ಒರೆಸುತ್ತೇನೆ, ಹೊರಗೆ ತಣ್ಣಗಾಗಿರುವ ಫ್ಯಾನನ್ನೂ ಥರ್ಮಾಮೀಟರನ್ನೂ ಅಲ್ಲಿಯೇ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಯಿ ಕಟ್ಟಿ ಒಳತರುತ್ತೇನೆ. ಅಡುಗೆಮನೆಯ ತೇವದ ಬಿಸಿಗಾಳಿ ತಾಗಿದೊಡನೆ ನೀರ ಹನಿಗಳು ಕಟ್ಟುವುದು ಆಗ ಚೀಲದ ಹೊರಮೈಯಲ್ಲಿ ಮಾತ್ರ. ಒಳಗಿನ ವಸ್ತುಗಳು ಕೋಣೆಯ ಬಿಸಿಗೆ ಬಂದ ಮೇಲೆ, ಸಾಮಾನ್ಯವಾಗಿ ಒಂದು ಗಂಟೆಯ ನಂತರ, ಚೀಲ ಬಿಚ್ಚಿ ಆ ಥರ್ಮಾಮೀಟರಿನ ಬ್ಯಾಟರಿಯನ್ನು ಚಾರ್ಜಿಗೆ ಹಾಕುತ್ತೇನೆ. ಲಿಥಿಯಂ ಬ್ಯಾಟರಿಯನ್ನು ಸೊನ್ನೆಗಿಂತ ತಣ್ಣಗಿರುವಾಗ ಚಾರ್ಜ್ ಮಾಡಿದರೆ ಅದು ಶಾಶ್ವತವಾಗಿ ಹಾಳಾಗುತ್ತದೆ.