ಹಳೆ ಬಿಲ್ಡ್ ಟೂಲನ್ನು ಬಿಸಾಕದೆ ಸರಿ ಮಾಡಿದ್ದು: ನನ್ನ ಅನುಭವ

‘ಹಳೇದನ್ನ ಬಿಸಾಕಿ, ಮೊದಲಿಂದ ಬರೀರಿ.’ ಕೋಡನ್ನು ಓಡುವ ಪ್ರೋಗ್ರಾಂ ಆಗಿ ಕಟ್ಟಿಕೊಡುವ ನಮ್ಮ ಹಳೆ ಬಿಲ್ಡ್ ಟೂಲ್ ಬಗ್ಗೆ ಇದನ್ನು ನನಗೆ ಹೇಳದವರೇ ಇಲ್ಲ. ನಾನು ಬಿಸಾಕಲಿಲ್ಲ. ಕಳೆದ ಮಳೆಗಾಲದಿಂದ ಹಳೆ ಮೇಕ್‌ಫೈಲ್ (ಏನನ್ನು ಹೇಗೆ ಕಟ್ಟಬೇಕು ಅಂತ ‘ಮೇಕ್’ ಅನ್ನುವ ಟೂಲಿಗೆ ಹೇಳುವ ಫೈಲ್) ಒಂದೂ ಓಡುತ್ತಿಲ್ಲ. ನಡುವೆ ಒಂದು ರಿಲೀಸ್ ಕೂಡ ನಿಂತಿಲ್ಲ. ಆಗಲ್ಲ ಅಂದ ದಾರಿಯಲ್ಲೇ ಆಗಿದೆ, ಅದಕ್ಕೇ ಬರೆಯುತ್ತಿದ್ದೇನೆ.

ನಾನು ಕೊಡಗಿನ ಸುಂಟಿಕೊಪ್ಪದ ಹತ್ತಿರ ಮನೆಯಿಂದಲೇ ಕೆಲಸ ಮಾಡುತ್ತೇನೆ. ಬೆಂಗಳೂರಿನ ಒಂದು ಸಣ್ಣ ಕಂಪನಿಯ ಫರ್ಮ್‌ವೇರ್ (ಎಲೆಕ್ಟ್ರಾನಿಕ್ ಬೋರ್ಡ್ ಒಳಗೆ ಓಡುವ ಸಾಫ್ಟ್‌ವೇರ್) ಬಿಲ್ಡ್ ನನ್ನ ಜವಾಬ್ದಾರಿ. ಒಂದೇ ಸೋರ್ಸ್, ಇಪ್ಪತ್ತು ಚಿಲ್ಲರೆ ಬೋರ್ಡು. ಹತ್ತು ಹನ್ನೆರಡು ವರ್ಷದ ಹಿಂದೆ ಕೈಗೆ ಬಂದಾಗ ಮೇಕ್, ಶೆಲ್ ಮತ್ತು ಪರ್ಲ್ ಸ್ಕ್ರಿಪ್ಟ್ ಎಲ್ಲ ಸೇರಿ ಹತ್ತಿರ ಹತ್ತಿರ 9 ಸಾವಿರ ಸಾಲು. ಮೇಕ್ ಇನ್ನೊಂದು ಮೇಕನ್ನು ಕರೆಯುತ್ತಿತ್ತು, ಅದು ಪರ್ಲನ್ನು, ಪರ್ಲ್ ತಿರುಗಿ ಮೇಕನ್ನು. ಪೂರ್ತಿ ಬಿಲ್ಡ್‌ಗೆ ಮುಕ್ಕಾಲು ಗಂಟೆ. ಹೆಡರ್ ಡಿಪೆಂಡೆನ್ಸಿಗಳನ್ನು, ಅಂದರೆ ಯಾವ ಹೆಡರ್ ಫೈಲ್ ಬದಲಾದರೆ ಯಾವುದನ್ನು ಮತ್ತೆ ಕಂಪೈಲ್ ಮಾಡಬೇಕು ಅನ್ನುವ ಪಟ್ಟಿಯನ್ನು, ಯಾರೋ ಕೈಯಲ್ಲೇ ಬರೆದಿದ್ದರು. ಹಾಗಾಗಿ ಏನು ಮುಟ್ಟಿದರೂ ಎಲ್ಲರೂ ಮೊದಲು ‘ಮೇಕ್ ಕ್ಲೀನ್’ ಹೊಡೆದು ಹಿಂದೆ ಕಟ್ಟಿದ್ದನ್ನೆಲ್ಲ ಅಳಿಸುತ್ತಿದ್ದರು. ಟೂಲ್ ಮೇಲೆ ಯಾರಿಗೂ ನಂಬಿಕೆ ಇರಲಿಲ್ಲ.

ಬೆಂಗಳೂರಿನಲ್ಲಿ ಕಾಣದ ಕಾಯಿಲೆಯೊಂದು ಇಲ್ಲಿ ಕಂಡಿತು. ಜೂನ್ ಬಂತು ಅಂದರೆ ಇಲ್ಲಿ ಕರೆಂಟ್ ಹೇಳದೆ ಕೇಳದೆ ಹೋಗುತ್ತದೆ. ಮರ ಲೈನ್ ಮೇಲೆ ಬಿದ್ದರೆ ಎರಡು ಮೂರು ದಿನ ಬರುವುದೇ ಇಲ್ಲ. ಕಂಪೈಲರ್ ಬರೆಯುತ್ತಿರುವಾಗ ಮಷಿನ್ ಆಫ್ ಆದರೆ ಅರ್ಧ ಬರೆದ ಫೈಲ್ ಡಿಸ್ಕ್ ಮೇಲೆ ಉಳಿಯುತ್ತದೆ. ಅದರ ಟೈಮ್‌ಸ್ಟ್ಯಾಂಪ್ ಸೋರ್ಸ್‌ಗಿಂತ ಹೊಸದು. ಮೇಕ್‌ಗೆ ಅಷ್ಟೇ ಸಾಕು, ಕೆಲಸ ಮುಗಿದಿದೆ ಅಂತ ಮುಂದೆ ಹೋಗುತ್ತದೆ. ಸೊನ್ನೆ ಬೈಟ್‌ನ ಡಾಟ್ ಓ (ಕಂಪೈಲ್ ಆದ ತುಂಡು) ಆದರೆ ತುಂಡುಗಳನ್ನು ಜೋಡಿಸುವ ಲಿಂಕರ್ ಕೂಗಿಕೊಳ್ಳುತ್ತದೆ, ಪರವಾಗಿಲ್ಲ. ಕೂಗದೆ ಒಳಗೆ ನುಸುಳುವುದು ಅಪಾಯ.

2018ರ ಆಗಸ್ಟ್‌ನಲ್ಲಿ ಮಡಿಕೇರಿ ಸುತ್ತ ಗುಡ್ಡ ಕುಸಿದು ರಸ್ತೆ, ಕರೆಂಟ್, ಫೋನ್ ಎಲ್ಲ ಹೋಗಿತ್ತಲ್ವಾ, ಅದಾದ ಮೇಲೆ ಮಾಡಿದ ಮೊದಲ ಬಿಲ್ಡ್ ಸಲೀಸಾಗಿ ಮುಗಿಯಿತು. ಬೋರ್ಡ್ ಬೂಟ್ ಆಯಿತು. ಸೆನ್ಸರ್ ರೀಡಿಂಗ್ ಮಾತ್ರ ಸ್ವಲ್ಪ ಮೇಲೆ ಹೋದರೆ ಸೊನ್ನೆ. ಹುಡುಕಿದರೆ, ಪರ್ಲ್ ಬರೆಯುವ ಕ್ಯಾಲಿಬ್ರೇಷನ್ ಟೇಬಲ್ (ಸೆನ್ಸರ್ ರೀಡಿಂಗ್ ಸರಿಪಡಿಸುವ ಪಟ್ಟಿ) ಮುಕ್ಕಾಲು ಭಾಗಕ್ಕೆ ನಿಂತುಹೋಗಿತ್ತು, ಅದೂ ಸರಿಯಾಗಿ ಒಂದು ಸಾಲಿನ ಕೊನೆಗೆ. ಸಿ ಭಾಷೆಯಲ್ಲಿ 256 ಜಾಗದ ಅರೇಗೆ ಕಡಿಮೆ ಬೆಲೆ ಕೊಟ್ಟರೆ ಉಳಿದದ್ದು ಸೊನ್ನೆ ಆಗುತ್ತದೆ. ಕಂಪೈಲರ್ ಒಂದು ವಾರ್ನಿಂಗ್ ಕೂಡ ಕೊಡಲಿಲ್ಲ. ಗಿರಾಕಿ ಕೈಗೆ ಹೋಗುವ ಮೊದಲೇ ಹಿಡಿದೆ.

ಅದರ ಮೇಲೆ ಗಡಿಯಾರದ ಕಾಟ. ಹಳೆ ಡೆಸ್ಕ್‌ಟಾಪ್‌ನ ಒಳಗೆ ಗಡಿಯಾರ ನಡೆಸುವ ಸೆಲ್ ಸತ್ತಿದ್ದರೆ ಕರೆಂಟ್ ಹೋಗಿ ಬಂದಾಗ ತಾರೀಕು ಎಷ್ಟೋ ವರ್ಷ ಹಿಂದಕ್ಕೆ ಹೋಗುತ್ತದೆ. ಕರೆಂಟ್ ಬಂದರೂ ನೆಟ್ ಬಂದಿರುವುದಿಲ್ಲ, ಗಡಿಯಾರ ತನ್ನಷ್ಟಕ್ಕೆ ಸರಿಯಾಗುವ ದಾರಿ ಇಲ್ಲ. ಆಗ ಈಗಷ್ಟೇ ತಿದ್ದಿದ ಫೈಲೂ ಹಳೇದಾಗಿ ಕಾಣುತ್ತದೆ. ಮೇಕ್ ‘ಕ್ಲಾಕ್ ಸ್ಕ್ಯೂ ಡಿಟೆಕ್ಟೆಡ್’ (ಗಡಿಯಾರ ತಾಳೆ ಇಲ್ಲ) ಅಂತ ಒಂದು ಸಾಲು ಹೇಳಿ ಸುಮ್ನಾಗುತ್ತದೆ.

ಮದ್ದು ಎರಡೇ. ಯಾವ ಫೈಲನ್ನೂ ಅದರ ಹೆಸರಿಗೆ ನೇರ ಬರೆಯಬಾರದು. ತಾತ್ಕಾಲಿಕ ಹೆಸರಿಗೆ ಬರೆದು, ಎಫ್‌ಸಿಂಕ್ ಮಾಡಿ (ಡಿಸ್ಕ್‌ಗೆ ಪೂರ್ತಿ ಇಳಿಸಿ), ಆಮೇಲೆ ರಿನೇಮ್. ಮತ್ತೆ, ಟೈಮ್‌ಸ್ಟ್ಯಾಂಪ್ ನಂಬುವುದನ್ನೇ ಬಿಡಬೇಕು. ಇನ್‌ಪುಟ್, ಔಟ್‌ಪುಟ್, ಕಮಾಂಡ್‌ಲೈನ್ ಮೂರರ ಹ್ಯಾಶ್ (ಒಳಗಿನದು ಬದಲಾದರೆ ತಾನೂ ಬದಲಾಗುವ ಗುರುತು) ಈಗ ಒಂದು ಎಸ್‌ಕ್ಯೂಲೈಟ್ ಡೇಟಾಬೇಸ್ ಫೈಲಿನಲ್ಲಿದೆ.

ಇಷ್ಟಾದ ಮೇಲೂ ಕಂಪನಿಯ ಒಳಗಡೆ ಒತ್ತಡ ಗೂಗಲ್‌ನ ಬಿಲ್ಡ್ ಟೂಲ್ ಬೇಜೆಲ್ ಕಡೆಗೇ ಇತ್ತು. ಬೇರೆ ಒಂದು ತಂಡಕ್ಕೆ ಕೊಟ್ಟು ಅರ್ಧ ವರ್ಷ ನೋಡಿದರು. ನಾಲ್ಕೈದು ಬೋರ್ಡ್ ಆದ ಮೇಲೆ ನಿಂತಿತು. ಉಳಿದ ಬೋರ್ಡ್‌ಗಳ ವಿಚಿತ್ರವೆಲ್ಲ ಆ ಪರ್ಲ್ ಒಳಗೇ ಇತ್ತು, ಯಾವ ದಾಖಲೆಯಲ್ಲೂ ಇರಲಿಲ್ಲ. ಬೇಜೆಲ್ ಕೆಟ್ಟದ್ದಲ್ಲ. ಆದರೆ ತೋಟದಲ್ಲಿ ಮರಕಪಾತು ಮಾಡುವವನು (ನೆರಳಿನ ಮರದ ಕೊಂಬೆ ಸವರುವವನು) ನೆರಳು ಜಾಸ್ತಿಯಾಯಿತು ಅಂತ ಮರವನ್ನೇ ಬುಡಕ್ಕೆ ಕಡಿಯುವುದಿಲ್ಲ. ಆ ಅರ್ಧ ವರ್ಷ ನನ್ನ ತಿಂಗಳ ದುಡ್ಡು ನಿಂತಿತ್ತು. ಕರಿಮೆಣಸು ಮಾರಿದ್ದರಲ್ಲಿ ಮನೆ ನಡೆಯಿತು.

ಮತ್ತೆ ನನ್ನನ್ನೇ ಕರೆದಾಗ ನಾನು ಕೇಳಿದ್ದು ಒಂದೇ: ಜೋಡಿ ಬಿಲ್ಡ್. ದಿನಾ ರಾತ್ರಿ ಹಳೆ ಟೂಲ್ ಒಂದು ಡೈರೆಕ್ಟರಿಯಲ್ಲಿ, ಅದರ ಜಾಗಕ್ಕೆ ನಾನು ಪೈಥಾನ್‌ನಲ್ಲಿ ಬರೆದ ಹೊಸದು ಇನ್ನೊಂದರಲ್ಲಿ. ಬೆಳಗ್ಗೆ ಪ್ರತಿ ಡಾಟ್ ಓ, ಪ್ರತಿ ಬೈನರಿಯ ಹ್ಯಾಶ್ ಹೋಲಿಕೆ. ಒಂದು ಬೈಟ್ ಬೇರೆಯಾದರೂ ಆ ಬೋರ್ಡ್ ಹಳೆ ಟೂಲಿನಲ್ಲೇ ಉಳಿಯುತ್ತದೆ. ‘ಎರಡೆರಡು ಸಲ ಕಂಪೈಲ್ ಮಾಡಲು ಯಾರು ದುಡ್ಡು ಕೊಡುತ್ತಾರೆ’ ಅಂದರು. ನನ್ನ ಮನೆಯ ಮಷಿನ್‌ನಲ್ಲೇ ಓಡಿಸಿದೆ. ಡೆಸ್ಕ್‌ಟಾಪ್‌ಗೆ 80–90 ಸಾವಿರ, ಇನ್ವರ್ಟರ್ ಬ್ಯಾಟರಿಗೆ 30ರ ಹತ್ತಿರ ಹೋಯಿತು.

ಮೊದಲ ವಾರ ಒಂದು ಬೋರ್ಡ್ ಕೂಡ ಹೊಂದಲಿಲ್ಲ. ಹಳೆ ಟೂಲನ್ನೇ ಎರಡು ಸಲ ಓಡಿಸಿದರೂ ಹೊಂದುತ್ತಿರಲಿಲ್ಲ! ಡೇಟ್, ಟೈಮ್ ಮ್ಯಾಕ್ರೋಗಳು, ಡಿಬಗ್ ಮಾಹಿತಿಯೊಳಗೆ ಡೈರೆಕ್ಟರಿ ಹೆಸರು, ಆರ್ಕೈವ್ ಒಳಗೆ ಟೈಮ್‌ಸ್ಟ್ಯಾಂಪ್. ಇವು ಎಲ್ಲರಿಗೂ ಗೊತ್ತಿರುವಂಥವು. ಒಂದೊಂದಕ್ಕೂ ಸಿದ್ಧ ಸೆಟ್ಟಿಂಗ್ ಇದೆ: ಸೋರ್ಸ್ ಡೇಟ್ ಇಪೋಕ್, ಪ್ರಿಫಿಕ್ಸ್ ಮ್ಯಾಪ್, ಆರ್ಕೈವ್ ಮಾಡುವ ಎಆರ್‌ನ ಡಿ ಫ್ಲ್ಯಾಗ್ ಹಾಕಿದರೆ ಮುಗಿಯಿತು. ತಲೆ ತಿಂದದ್ದು ಲಿಂಕ್ ಕ್ರಮ, ಅಂದರೆ ಡಾಟ್ ಓಗಳನ್ನು ಜೋಡಿಸುವ ಕ್ರಮ. ಗ್ನೂ ಮೇಕ್ 3.82ರಲ್ಲಿ ವೈಲ್ಡ್‌ಕಾರ್ಡ್ (‘ಈ ಥರದ ಹೆಸರಿನ ಎಲ್ಲ ಫೈಲ್’) ಫಲಿತಾಂಶವನ್ನು ಸಾರ್ಟ್ ಮಾಡುವುದನ್ನು ಬಿಟ್ಟರು, 2020ರ ಜನವರಿಯಲ್ಲಿ ಬಂದ 4.3ರಲ್ಲಿ ವಾಪಸ್ ತಂದರು. ಬೆಂಗಳೂರಿನಲ್ಲಿ ಒಂದು ವರ್ಷನ್, ನನ್ನಲ್ಲಿ ಇನ್ನೊಂದು. ಅದೇ ಸೋರ್ಸ್, ಬೈನರಿ ಬೇರೆ. ಪೈಥಾನ್ ಕಡೆಯೂ ಇದೇ ಕಥೆ. ಅದರ 3.5ರಲ್ಲಿ ಡಿಕ್ಷನರಿಯ (ಹೆಸರು-ಬೆಲೆ ಜೋಡಿಗಳ ಪಟ್ಟಿಯ) ಕ್ರಮ ಓಡಿಸಿದಾಗಲೆಲ್ಲ ಬದಲಾಗಿ ಕಂಪೈಲರ್‌ಗೆ ಕೊಡುವ ಫ್ಲ್ಯಾಗ್‌ಗಳು ಹಿಂದೆ ಮುಂದೆ ಆಗುತ್ತಿದ್ದವು, ಹ್ಯಾಶ್ ಬದಲಾಗಿ ಎಲ್ಲ ಮತ್ತೆ ಕಂಪೈಲ್. ಎಲ್ಲ ಕಡೆ ಸಾರ್ಟ್ ಹಾಕಿ ಮುಗಿಸಿದೆ.

ಎರಡು ಬೈನರಿಗಳ ವ್ಯತ್ಯಾಸ ಹುಡುಕಲು ಡಿಫೋಸ್ಕೋಪ್ ಅನ್ನುವ ಟೂಲ್ ಇದೆ, ಬಳಸಿ. ಅದಕ್ಕೂ ಮೊದಲು ಯಾವ ಫೈಲಿನಿಂದ ಶುರು ಮಾಡಬೇಕು ಅಂತ ತೋರಿಸುವ ನನ್ನದೊಂದು ಚಿಕ್ಕ ಸ್ಕ್ರಿಪ್ಟ್ ಇದೆ. ಅದನ್ನು ಇಲ್ಲಿ ಹಾಕುವುದಿಲ್ಲ, ನನಗೆ ಅನ್ನ ಹಾಕುವುದು ಅದೇ.

ಮಧ್ಯೆ ಒಂದು ಪ್ರಯೋಗ. ನಾಲ್ಕು ರಾಸ್‌ಬೆರಿ ಪೈ 3 (ಅಂಗೈಯಗಲದ ಕಂಪ್ಯೂಟರ್) ಜೋಡಿಸಿ, ಕಂಪೈಲ್ ಕೆಲಸವನ್ನು ಹಂಚುವ ಡಿಸ್ಟ್‌ಸಿಸಿ ಹಾಕಿದೆ, ಹನ್ನೆರಡೋ ಹದಿಮೂರೋ ಸಾವಿರ ಖರ್ಚು. ಪ್ರೀಪ್ರೊಸೆಸ್ (ಹೆಡರ್‌ಗಳನ್ನು ಒಳಸೇರಿಸುವ ಮೊದಲ ಹಂತ) ಎಲ್ಲ ಡೆಸ್ಕ್‌ಟಾಪ್ ಮೇಲೇ ಬೀಳುತ್ತದೆ, ಪೈಗಳ ನೆಟ್‌ವರ್ಕ್ 100 ಮೆಗಾಬಿಟ್. ಒಂದೇ ಡೆಸ್ಕ್‌ಟಾಪ್ ಅದಕ್ಕಿಂತ ಬೇಗ ಮುಗಿಸಿತು. ಈಗ ಅದರಲ್ಲಿ ಒಂದು ಕಾಫಿ ಕಣದ ಕ್ಯಾಮೆರಾ ನೋಡಿಕೊಳ್ಳುತ್ತಿದೆ.

ನಿಜವಾದ ಲಾಭ ಬಂದದ್ದು ಸಣ್ಣ ಬದಲಾವಣೆಯಿಂದ. ಬಿಲ್ಡ್ ನಂಬರನ್ನು ಪ್ರತಿ ಫೈಲಿನ ಕಮಾಂಡ್‌ಲೈನ್‌ಗೂ ಹಾಕುತ್ತಿದ್ದರು, ಹಾಗಾಗಿ ಹಿಂದೆ ಕಂಪೈಲ್ ಆದದ್ದನ್ನು ಕೂಡಿಟ್ಟು ಮತ್ತೆ ಕೊಡುವ ಸಿಕ್ಯಾಶ್‌ಗೆ ಒಂದು ಹಿಟ್ ಕೂಡ ಬರುತ್ತಿರಲಿಲ್ಲ. ಅದನ್ನು ಒಂದೇ ಒಂದು ಸಿ ಫೈಲಿಗೆ ಸರಿಸಿದೆ. ಕಂಪನಿಯ ಕ್ಲೌಡ್ ಬಿಲ್ ತಿಂಗಳಿಗೆ 40–45 ಸಾವಿರ ಇದ್ದದ್ದು 12–13ಕ್ಕೆ ಇಳಿಯಿತು. ಆಮೇಲೆ ಯಾರೂ ದುಡ್ಡಿನ ಮಾತು ಎತ್ತಲಿಲ್ಲ.

ಈಗ ಪೈಥಾನ್ ಎರಡೂವರೆ ಸಾವಿರ ಸಾಲು ಇರಬಹುದು, ಅದು ನಿಂಜಾ (ಮೇಕ್ ಥರದ್ದೇ ಚಿಕ್ಕ, ವೇಗದ ಟೂಲ್) ಫೈಲ್ ಬರೆದುಕೊಡುತ್ತದೆ. ಹೆಡರ್ ಲೆಕ್ಕವನ್ನು ಕಂಪೈಲರ್ ಜಿಸಿಸಿಯೇ ಕೊಡುತ್ತದೆ. ಪೂರ್ತಿ ಬಿಲ್ಡ್ ಹತ್ತು ಹನ್ನೊಂದು ನಿಮಿಷ, ಒಂದು ಫೈಲ್ ಬದಲಾದರೆ ಕೆಲವು ಸೆಕೆಂಡ್. ‘ಕ್ಲೀನ್’ ಕಮಾಂಡನ್ನೇ ತೆಗೆದುಹಾಕಿದ್ದೇನೆ, ಯಾರೂ ಕೇಳಿಲ್ಲ. ಉಳಿದದ್ದು ಆ ಕ್ಯಾಲಿಬ್ರೇಷನ್ ಟೇಬಲ್‌ನ ಪರ್ಲ್, ನಾನೂರು ಸಾಲು. ಅದನ್ನು ಪೈಥಾನ್‌ಗೆ ತಂದರೆ ದಶಾಂಶದ ರೌಂಡಿಂಗ್ ಎರಡು ಬೋರ್ಡ್‌ಗಳಲ್ಲಿ ಇನ್ನೂ ಹೊಂದುತ್ತಿಲ್ಲ. ಕಾಫಿ ಕೊಯ್ಲು ಮುಗಿದ ಮೇಲೆ ಅದಕ್ಕೆ ಕೈ ಹಾಕುತ್ತೇನೆ.