ಗೇಮ್ ಆಡುವಾಗ ಬ್ಲೂ ಸ್ಕ್ರೀನ್ ಬರ್ತಾ ಉಂಟಾ? ಫಾರ್ಮ್ಯಾಟ್ ಮಾಡುವ ಮೊದಲು ಇದನ್ನು ನೋಡಿ

ಎರಡು ಸಲ ಬ್ಲೂ ಸ್ಕ್ರೀನ್ ಬಂದ ಕೂಡ್ಲೆ ಎಲ್ಲರೂ ಹೇಳುದು ಒಂದೇ, ವಿಂಡೋಸ್ ಫಾರ್ಮ್ಯಾಟ್ ಮಾಡು ಅಂತ. ದಯವಿಟ್ಟು ಅದನ್ನು ಕೊನೆಗೆ ಇಡಿ ಮಾರಾಯ್ರೆ. ರ‍್ಯಾಮ್ ಹಾಳಾಗಿದ್ರೆ ಹೊಸ ವಿಂಡೋಸ್ ಹಾಕಿದ್ರೂ ಕ್ರ್ಯಾಶ್ ಆಗೇ ಆಗ್ತದೆ, ಜೊತೆಗೆ ಯಾಕೆ ಆಯ್ತು ಅಂತ ಬರೆದಿಟ್ಟ ಡಂಪ್ ಫೈಲ್ ಸಹ ಅಳಿಸಿ ಹೋಗ್ತದೆ.

ಮೊದಲು ಸ್ಕ್ರೀನಿನ ಫೋಟೋ ತೆಗೀರಿ, ಕೆಳಗೆ ಸ್ಟಾಪ್ ಕೋಡ್, ಅಂದ್ರೆ ಯಾವ ತಪ್ಪು ಅಂತ ಹೇಳುವ ಹೆಸರು, ಇರ್ತದೆ. 2025ರ ಮಧ್ಯದಿಂದ ಬಂದ ವಿಂಡೋಸ್ 11 ಅಪ್‌ಡೇಟ್‌ನಲ್ಲಿ ಸ್ಕ್ರೀನ್ ನೀಲಿ ಅಲ್ಲ ಕಪ್ಪು, ಆದ್ರೆ ವಿಷಯ ಅದೇ. ಓದ್ಲಿಕ್ಕೆ ಪುರ್ಸೊತ್ತು ಕೊಡದೆ ರೀಸ್ಟಾರ್ಟ್ ಆಗ್ತದಾದ್ರೆ ಸಿ ಡ್ರೈವಿನ ವಿಂಡೋಸ್ ಫೋಲ್ಡರಲ್ಲಿ ಮಿನಿಡಂಪ್ ಅಂತ ಉಂಟು, ಬ್ಲೂಸ್ಕ್ರೀನ್‌ವ್ಯೂ ಅನ್ನುವ ಫ್ರೀ ಟೂಲ್ ಹಾಕಿದ್ರೆ ಅದರಲ್ಲಿ ಇರುದೆಲ್ಲ ಸಾಲಾಗಿ ತೋರಿಸ್ತದೆ. ಪ್ರತಿ ಸಲ ಒಂದೇ ಡ್ರೈವರ್ ಹೆಸರು ಬಂದ್ರೆ ಆ ಡ್ರೈವರ್ ಮೇಲೆ ಸಂಶಯ ಪಡಿ, ಸಲಕ್ಕೊಂದು ಕೋಡ್ ಸಲಕ್ಕೊಂದು ಫೈಲ್ ಬಂದ್ರೆ ನಾನಂತೂ ಸೀದಾ ರ‍್ಯಾಮ್ ನೋಡುದು. ಮೆಮೊರಿ ಮ್ಯಾನೇಜ್‌ಮೆಂಟ್ ಅಂತ ಬಂದ್ರೂ ಹಾಗೆಯೇ.

ರ‍್ಯಾಮ್ ವಿಷಯ ಸ್ವಲ್ಪ ಬಿಡಿಸಿ ಹೇಳ್ತೇನೆ, ಯಾಕಂದ್ರೆ ನಮ್ಮ ಕರಾವಳಿಯಲ್ಲಿ ಇದು ಬೇರೆ ಕಡೆಗಿಂತ ಜಾಸ್ತಿ ಕಾಡ್ತದೆ. ಬಯೋಸ್‌ಗೆ (ಪಿಸಿ ಆನ್ ಆಗುವಾಗ ತೆರೆಯುವ ಬೋರ್ಡಿನ ಸೆಟ್ಟಿಂಗ್) ಹೋಗಿ ಮೆಮೊರಿಯ ವೇಗ ಹೆಚ್ಚಿಸುವ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಆಫ್ ಮಾಡಿ ಕೆಲವು ದಿನ ಆಡಿ. ಅದು ಒಂದು ರೀತಿಯ ಓವರ್‌ಕ್ಲಾಕೇ (ಮಾಮೂಲಿಗಿಂತ ಜಾಸ್ತಿ ವೇಗದಲ್ಲಿ ಓಡಿಸುದು), ಆಫ್ ಮಾಡಿದಾಗ ಕ್ರ್ಯಾಶ್ ನಿಂತ್ರೆ ಕಳ್ಳ ಸಿಕ್ಕಿದ ಹಾಗೆ. ನಿಲ್ಲದಿದ್ರೆ ಪವರ್ ಆಫ್ ಮಾಡಿ, ಪ್ಲಗ್ ತೆಗೆದು, ಸ್ಟಿಕ್ ಹೊರಗೆ ತೆಗೀರಿ. ಸುರತ್ಕಲ್‌ನಲ್ಲಿ ಬೀಚ್ ಹತ್ರ ಮನೆ ಇರುವ ಹುಡುಗನೊಬ್ಬ ಹೊಸ ಗ್ರಾಫಿಕ್ಸ್ ಕಾರ್ಡಿಗೆ ದುಡ್ಡು ಕೂಡಿಡ್ತಾ ಇದ್ದ, ಅವನ ರ‍್ಯಾಮ್ ತೆಗೆದು ನೋಡಿದ್ರೆ ಚಿನ್ನದ ಬಣ್ಣದ ಪಟ್ಟಿಗಳೆಲ್ಲ ಮಂಕಾಗಿ ಅಲ್ಲಲ್ಲಿ ಕಲೆ, ಬಿಳಿ ರಬ್ಬರಲ್ಲಿ ಮೆಲ್ಲಗೆ ಉಜ್ಜಿದಾಗ ರಬ್ಬರ್ ಕಪ್ಪಾಯ್ತು ಪಟ್ಟಿ ಹೊಳೀತು. ಉಪ್ಪುಗಾಳಿ, ಮಳೆಗಾಲದ ತೇವ ಎರಡೂ ಸೇರಿದ್ರೆ ಹೀಗೇ. ರಬ್ಬರ್ ಪುಡಿ ಪೂರ್ತಿ ಒರೆಸಿ, ಐಸೊಪ್ರೊಪೈಲ್ ಆಲ್ಕೋಹಾಲ್ ಮುಟ್ಟಿಸಿ ಒಣಗಿಸಿ, ಟಕ್ ಅಂತ ಕೇಳುವವರೆಗೆ ಒತ್ತಿ ಕೂರಿಸಿ. ನಾಲ್ಕು ಸ್ಲಾಟ್ ಇದ್ದು ಎರಡೇ ಸ್ಟಿಕ್ ಆದ್ರೆ ಹೆಚ್ಚಿನ ಬೋರ್ಡಲ್ಲಿ ಪ್ರೊಸೆಸರ್ ಕಡೆಯಿಂದ ಎರಡನೇದು ಮತ್ತು ನಾಲ್ಕನೇದು. ಆಮೇಲೆ ಪೆನ್‌ಡ್ರೈವಿಂದ ಮೆಮ್‌ಟೆಸ್ಟ್86 ಅನ್ನುವ ಮೆಮೊರಿ ಪರೀಕ್ಷೆಯ ಟೂಲ್ ರಾತ್ರಿಯಿಡೀ ಬಿಡಿ, ನಾಲ್ಕು ಪಾಸ್ (ಸುತ್ತು) ಆಗ್ಬೇಕು. ಒಂದೇ ಒಂದು ಎರರ್ ಬಂದ್ರೂ ಬಿಡುವ ಹಾಗಿಲ್ಲ, ಒಂದೊಂದೇ ಸ್ಟಿಕ್ ಹಾಕಿ ಯಾವುದು ಅಂತ ಹುಡುಕಿ.

ಸ್ಟಾಪ್ ಕೋಡಲ್ಲಿ ವಿಡಿಯೋ ಟಿಡಿಆರ್ (ಗ್ರಾಫಿಕ್ಸ್ ಕಡೆಯ ತೊಂದರೆ) ಅಂತ ಬಂದ್ರೆ ಸೇಫ್ ಮೋಡಲ್ಲಿ ಡಿಡಿಯು ಅನ್ನುವ ಡ್ರೈವರ್ ತೆಗೆಯುವ ಟೂಲ್ ಹಾಕಿ ಹಳೆ ಗ್ರಾಫಿಕ್ಸ್ ಡ್ರೈವರ್ ಪೂರ್ತಿ ತೆಗೆದು ಹೊಸತಾಗಿ ಹಾಕಿ. ಕಾರ್ಡಿಗೆ ಎರಡು ಪವರ್ ಕನೆಕ್ಟರ್ ಇದ್ರೆ ಎಸ್‌ಎಂಪಿಎಸ್‌ನಿಂದ (ಪಿಸಿಗೆ ಕರೆಂಟ್ ಕೊಡುವ ಪೆಟ್ಟಿಗೆ) ಎರಡು ಬೇರೆ ಬೇರೆ ಕೇಬಲ್ ಎಳೆಯುದು ಒಳ್ಳೇದು.

ವೀಯಾ (WHEA) ಅನ್‌ಕರೆಕ್ಟಬಲ್ ಎರರ್ ಅಂತ ಕೋಡ್ ಬಂದ್ರೆ ಹಾರ್ಡ್‌ವೇರೇ ತಪ್ಪು ಹೇಳ್ತಾ ಉಂಟು. ಇಂಟೆಲ್ 13 ಅಥವಾ 14ನೇ ಜನರೇಶನ್ ಡೆಸ್ಕ್‌ಟಾಪ್ ಐ7, ಐ9 ಇದ್ದವರು ಬಯೋಸ್ ಅಪ್‌ಡೇಟ್ ಮಾಡ್ಲೇಬೇಕು, ಜಾಸ್ತಿ ವೋಲ್ಟೇಜ್ ಹೋಗಿ ಚಿಪ್ ಸವೆಯುವ ಸಮಸ್ಯೆಗೆ 2024ರಲ್ಲಿ ಮೈಕ್ರೋಕೋಡ್ (ಚಿಪ್ಪಿನ ಒಳಗಿನ ಕೋಡಿಗೆ ತಿದ್ದುಪಡಿ) ಬಂದಿದೆ. ಆಗ್ಲೇ ಸವೆದ ಚಿಪ್ ಅದರಿಂದ ಸರಿ ಆಗುದಿಲ್ಲ, ಇಂಟೆಲ್ ವಾರಂಟಿ ಎರಡು ವರ್ಷ ಹೆಚ್ಚಿಸಿದೆ, ಕೇಳಿ ಬದಲಿಸಿಕೊಳ್ಳಿ. ಗುಡುಗು ಮಳೆ ಇರುವಾಗ, ಯುಪಿಎಸ್ ಇಲ್ಲದೆ ಬಯೋಸ್ ಅಪ್‌ಡೇಟಿಗೆ ಕೈ ಹಾಕ್ಬೇಡಿ. ಮಧ್ಯದಲ್ಲಿ ಕರೆಂಟ್ ಹೋದ್ರೆ ಬೋರ್ಡೇ ಏಳುದಿಲ್ಲ.

ಸ್ಕ್ರೀನೇ ಬರದೆ ಪಿಸಿ ಪಟ್ ಅಂತ ಆಫ್ ಆಗುದಾದ್ರೆ ಕಥೆ ಬೇರೆ, ಎಸ್‌ಎಂಪಿಎಸ್ ನೋಡಿ, ಅರ್ತಿಂಗ್ ನೋಡಿ. ಬರಿಗಾಲಲ್ಲಿ ನಿಂತು ಕ್ಯಾಬಿನೆಟ್ ಮುಟ್ಟಿದಾಗ ಜುಂ ಅಂದ್ರೆ ಇಲೆಕ್ಟ್ರಿಶಿಯನ್‌ನನ್ನು ಕರೆಸಿ, ಅದು ಪಿಸಿಗಿಂತ ನಿಮ್ಮ ಜೀವದ ಪ್ರಶ್ನೆ.

ಇಷ್ಟಾದ್ಮೇಲೆ ಬೇಕಾದ್ರೆ ವಿಂಡೋಸ್ ಫೈಲ್‌ಗಳನ್ನು ರಿಪೇರಿ ಮಾಡುವ ಡಿಐಎಸ್‌ಎಂ, ಎಸ್‌ಎಫ್‌ಸಿ ಓಡಿಸಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಇಲ್ಲಾಂದ್ರೆ ಯಾವುದರಿಂದ ಸರಿ ಆಯ್ತು ಅಂತ ಗೊತ್ತೇ ಆಗುದಿಲ್ಲ. ಅಂಗಡಿಗೆ ಕೊಂಡು ಹೋಗ್ಲೇಬೇಕಾದ್ರೆ ಮಿನಿಡಂಪ್ ಫೋಲ್ಡರ್ ಕಾಪಿ, ಮೆಮ್‌ಟೆಸ್ಟ್ ಫೋಟೋ, ರ‍್ಯಾಮಿನ ಬಿಲ್ ಮೂರೂ ಹಿಡ್ಕೊಂಡು ಹೋಗಿ, ನನ್ನನ್ನು ಕೇಳದೆ ಫಾರ್ಮ್ಯಾಟ್ ಮಾಡ್ಬೇಡಿ ಅಂತ ಮೊದಲೇ ಹೇಳಿ.